ಯಾವುದು ಆಗಲ್ಲ ಅಂತಲೇ ಗೊತ್ತಿಲ್ಲ: ತೀವ್ರ ಆಹಾರ ಅಲರ್ಜಿ ಇರುವವರ ಸಂಗಾತಿಗೆ ಒಂದು ಮಾರ್ಗದರ್ಶಿ

"ಊಟ ಆಗಿ ಅರ್ಧ ಗಂಟೆಗೆ ಗಂಡನಿಗೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ಅಲರ್ಜಿ ಅಂದರು. ಯಾವುದರದ್ದು ಅಂತ ಯಾರೂ ಹೇಳಲಿಲ್ಲ. ನಾಳೆಯಿಂದ ಏನು ಅಡುಗೆ ಮಾಡಲಿ?"

ಕೇಳುವವರ ಊರು ಬೇರೆ, ತಟ್ಟೆಯಲ್ಲಿದ್ದದ್ದು ಬೇರೆ. ಪ್ರಶ್ನೆ ಮಾತ್ರ ಯಾವಾಗಲೂ ಇದೇ. ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ನನ್ನ ಹೆಂಡತಿಗೆ ಐದು ವರ್ಷದಲ್ಲಿ ಮೂರು ಸಲ ಹೀಗಾಗಿದೆ. ಒಂದು ಕಾರಣ ಖಚಿತವಾಗಿದೆ, ಇನ್ನೊಂದು ಇವತ್ತಿಗೂ ಅನುಮಾನದಲ್ಲೇ ಇದೆ. ಹಾಗಾಗಿ ಔಷಧಿ, ಡೋಸ್ ವಿಷಯದಲ್ಲಿ ಕೊನೆಯ ಮಾತು ನಿಮ್ಮ ವೈದ್ಯರದ್ದು. ಮನೆ ನಡೆಸುವ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ.

ತುರ್ತಿನ ತಯಾರಿ ಮಾಡಿಕೊಳ್ಳಲು ಕಾರಣ ಗೊತ್ತಿರಬೇಕಾಗಿಲ್ಲ. ಕಾರಣ ಹುಡುಕಲು ತಿನ್ನುವುದನ್ನೆಲ್ಲ ಬಿಡಬೇಕಾಗಿಲ್ಲ. ಬಹಳ ಮನೆಗಳಲ್ಲಿ ಇದು ಉಲ್ಟಾ ಆಗಿರುತ್ತದೆ. ಅಡುಗೆಮನೆಯಿಂದ ಹತ್ತು ಡಬ್ಬ ಹೊರಗೆ ಹೋಗಿರುತ್ತವೆ, ಇಂಜೆಕ್ಷನ್ ಮಾತ್ರ ಇನ್ನೂ ಒಳಗೆ ಬಂದಿರುವುದಿಲ್ಲ.

ಶುರು ಮಾಡಲು ಒಂದು ನೋಟ್‌ಬುಕ್, ಫೋನ್ ಕ್ಯಾಮೆರಾ, ವೈದ್ಯರ ಚೀಟಿಯೊಂದಿಗೆ ತಂದ ತುರ್ತು ಔಷಧಿ, ಒಂದು ಹೆಚ್ಚುವರಿ ಮಿಕ್ಸಿ ಜಾರು ಮತ್ತು ಬಣ್ಣದ ಸ್ಟಿಕ್ಕರ್ ಇದ್ದರೆ ಸಾಕು.

ಹಂತ 1: 'ಆಗಲ್ಲ' ಅನ್ನುವ ಮಾತನ್ನು ಬಿಡಿಸಿಕೊಳ್ಳಿ

ನಮ್ಮಲ್ಲಿ ಹಾಲು ಕುಡಿದು ಹೊಟ್ಟೆ ಉಬ್ಬರಿಸಿದರೂ 'ಹಾಲು ಆಗಲ್ಲ'. ಸೀಗಡಿ ತಿಂದು ಉಸಿರು ಕಟ್ಟಿದರೂ 'ಸೀಗಡಿ ಆಗಲ್ಲ'. ಹಿರಿಯರು ಒಂದನ್ನು ನಂಜು ಅನ್ನುತ್ತಾರೆ, ಇನ್ನೊಂದನ್ನು ಪಿತ್ತದ ಗಂಧೆ ಅನ್ನುತ್ತಾರೆ. ವೈದ್ಯರ ಮುಂದೆ ಹೋಗಿ ಇದನ್ನೇ ಹೇಳಿದರೆ ಅವರಿಗೆ ಏನೂ ಸಿಗುವುದಿಲ್ಲ.

ಮೂರು ಮಾತು ಗೊತ್ತಿದ್ದರೆ ಸಾಕು. ಅಲರ್ಜಿ ಅಂದರೆ ದೇಹದ ರಕ್ಷಣಾ ವ್ಯವಸ್ಥೆ ಆಹಾರದಲ್ಲಿರುವ ಪ್ರೋಟೀನನ್ನು ಶತ್ರು ಅಂದುಕೊಂಡು ಮೇಲೆ ಬೀಳುವುದು. ತಕ್ಷಣ ಕಾಣಿಸಿಕೊಳ್ಳುವ ಅಲರ್ಜಿಯಲ್ಲಿ ಐಜಿಇ ಎಂಬ ಪ್ರತಿಕಾಯ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಲಕ್ಷಣ ಶುರುವಾಗುತ್ತದೆ. ಅಸಹಿಷ್ಣುತೆ ಅಂದರೆ ಜೀರ್ಣವಾಗದ ತೊಂದರೆ. ಹಾಲಿನ ಸಕ್ಕರೆ ಅರಗದೆ ಹೊಟ್ಟೆ ಕೆಡುವುದು ಇದಕ್ಕೆ ಉದಾಹರಣೆ. ಕಷ್ಟ ಕೊಡುತ್ತದೆ, ಜೀವ ತೆಗೆಯುವುದಿಲ್ಲ. ಅನಾಫಿಲ್ಯಾಕ್ಸಿಸ್ ಅಂದರೆ ಅಲರ್ಜಿ ಇಡೀ ಮೈಗೆ ಹಬ್ಬಿ ಉಸಿರಾಟ ಅಥವಾ ರಕ್ತದೊತ್ತಡಕ್ಕೆ ಕೈ ಹಾಕುವುದು. ಇದು ಜೀವ ತೆಗೆಯಬಲ್ಲದು.

ಹಾಗಂತ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಬದನೆಕಾಯಿ ನಂಜು ಅನ್ನುವುದನ್ನು ಕೇಳಿ ನಾನೂ ನಕ್ಕವನೇ. ಮೈಸೂರಿನ ಸಂಶೋಧಕರು ಬದನೆಕಾಯಿ ಅಲರ್ಜಿಯ ಮೇಲೆ 2008ರಲ್ಲಿ ಅಧ್ಯಯನವನ್ನೇ ಪ್ರಕಟಿಸಿದ್ದಾರೆ. ಅದು ಹೆಂಗಸರಲ್ಲಿ ಜಾಸ್ತಿ ಕಂಡುಬಂದಿತ್ತು.

ಹಂತ 2: ಇವತ್ತೇ ತುರ್ತಿನ ಕಿಟ್ ಮಾಡಿ

ಉಳಿದದ್ದೆಲ್ಲ ನಿಧಾನಕ್ಕೆ ಆಗಲಿ, ಇದೊಂದು ಈ ವಾರವೇ ಆಗಬೇಕು.

ಅನಾಫಿಲ್ಯಾಕ್ಸಿಸ್‌ಗೆ ಮೊದಲ ಔಷಧಿ ಒಂದೇ: ಅಡ್ರಿನಲಿನ್. ತೊಡೆಯ ಹೊರಬದಿಯ ಮಧ್ಯಭಾಗಕ್ಕೆ, ಸ್ನಾಯುವಿನೊಳಗೆ ಚುಚ್ಚಬೇಕು. ಸಿಟ್ರಿಜಿನ್, ಏವಿಲ್ ಮುಂತಾದ ಅಲರ್ಜಿ ಮಾತ್ರೆಗಳು ತುರಿಕೆ, ದದ್ದು ಕಡಿಮೆ ಮಾಡುತ್ತವೆ. ಮುಚ್ಚಿಕೊಳ್ಳುತ್ತಿರುವ ಗಂಟಲನ್ನು ತೆರೆಯುವುದಿಲ್ಲ, ಬೀಳುತ್ತಿರುವ ಬಿಪಿಯನ್ನು ಎತ್ತುವುದಿಲ್ಲ. ಸ್ಟೀರಾಯ್ಡ್ ಕೆಲಸ ಶುರು ಮಾಡಲು ಗಂಟೆಗಳು ಬೇಕು. ಮಾತ್ರೆ ಕೊಟ್ಟು 'ನೋಡೋಣ' ಅಂತ ಕೂರುವುದು ನಾನು ಕಂಡ ತಪ್ಪುಗಳಲ್ಲೆಲ್ಲ ದೊಡ್ಡದು. ಮೊದಲ ಸಲ ನಾನೂ ಅದನ್ನೇ ಮಾಡಿದೆ.

ಹೊರದೇಶಗಳಲ್ಲಿ ಪೆನ್ನಿನ ಹಾಗೆ ಒತ್ತಿದರೆ ತಾನೇ ಚುಚ್ಚಿಕೊಳ್ಳುವ ಆಟೋ ಇಂಜೆಕ್ಟರ್ ಸಿಗುತ್ತದೆ. ನಮ್ಮಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ತರಿಸಿದರೆ ದುಬಾರಿ. ಹಾಗಾಗಿ ಬಹಳ ವೈದ್ಯರು ಅಡ್ರಿನಲಿನ್ ಆಂಪೂಲ್, ಅಂದರೆ ಗಾಜಿನ ಚಿಕ್ಕ ಸೀಸೆ, ಜೊತೆಗೆ ಸಿರಿಂಜು ಬರೆದುಕೊಡುತ್ತಾರೆ. ಆಂಪೂಲಿನ ಬೆಲೆ ತೀರಾ ಕಡಿಮೆ. ಕಲಿಯುವುದೇ ಕಷ್ಟದ ಕೆಲಸ. ವೈದ್ಯರ ಹತ್ತಿರ ಇಷ್ಟನ್ನು ಕೇಳಿ ಬರೆಸಿಕೊಳ್ಳಿ:

ಡೋಸ್ ಎಷ್ಟು? ವಯಸ್ಕರಿಗೆ ಸಾಮಾನ್ಯವಾಗಿ 0.3ರಿಂದ 0.5 ಮಿಲಿಗ್ರಾಂ ಹೇಳುತ್ತಾರೆ. ಒಂದು ಎಂಎಲ್‌ನಲ್ಲಿ 1 ಮಿಲಿಗ್ರಾಂ ಇರುವ ಆಂಪೂಲಾದರೆ ಅದು 0.3ರಿಂದ 0.5 ಎಂಎಲ್ ಆಗುತ್ತದೆ. ಸಂಗಾತಿಯ ಲೆಕ್ಕವನ್ನು ಸಿರಿಂಜಿನ ಮೇಲೇ ಮಾರ್ಕರ್‌ನಿಂದ ಗೆರೆ ಎಳೆದು ತೋರಿಸಲಿ.

ಸೂಜಿ ಯಾವುದು? ಮನೆಯಲ್ಲಿ ಇನ್ಸುಲಿನ್ ಸಿರಿಂಜು ಇದೆ ಅಂತ ಅದನ್ನೇ ಇಟ್ಟುಕೊಳ್ಳಬೇಡಿ. ಅದರ ಸೂಜಿ ಗಿಡ್ಡ, ಸ್ನಾಯುವಿನವರೆಗೆ ಹೋಗದೆ ಇರಬಹುದು.

ಎರಡನೇ ಡೋಸ್ ಯಾವಾಗ? ಮೊದಲನೆಯದಕ್ಕೆ ಸುಧಾರಿಸದಿದ್ದರೆ 5ರಿಂದ 15 ನಿಮಿಷದಲ್ಲಿ ಮತ್ತೊಮ್ಮೆ ಕೊಡುವುದು ರೂಢಿ. ಹಾಗಾಗಿ ಕಿಟ್‌ನಲ್ಲಿ ಎಲ್ಲವೂ ಎರಡೆರಡು ಇರಲಿ.

ಮೆಡಿಕಲ್ ಶಾಪಿನಲ್ಲಿ ಲೇಬಲ್ಲನ್ನು ನೀವೇ ಓದಿ. ನಾರ್ ಅಡ್ರಿನಲಿನ್ ಅಂತ ಬೇರೆಯದೇ ಔಷಧಿ ಇದೆ. ಡಬ್ಬ, ಅಕ್ಷರ ಎಲ್ಲ ಹೆಚ್ಚು ಕಡಿಮೆ ಒಂದೇ ಥರ. ಅದು ಬೇಡ. ಆಂಪೂಲನ್ನು ಬೆಳಕು, ಬಿಸಿಲಿನಿಂದ ದೂರ ಇಡಿ. ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಫ್ರೀಜರ್‌ನಲ್ಲಿ ಇಡಬೇಡಿ. ದ್ರವ ಕಂದು ಅಥವಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ. ಅವಧಿ ಮುಗಿಯಲು ಬಂದ ಆಂಪೂಲನ್ನು ಅಭ್ಯಾಸಕ್ಕೆ ಬಳಸಬಹುದು. ಒಡೆದು, ಸಿರಿಂಜಿಗೆ ಎಳೆದು, ಕಿತ್ತಳೆ ಹಣ್ಣಿಗೆ ಚುಚ್ಚಿ ನೋಡಿ. ಮೊದಲ ಸಲ ನನಗೆ ಮೂರು ನಿಮಿಷ ಹಿಡಿಯಿತು. ಈಗ ನಲವತ್ತು ಸೆಕೆಂಡ್.

ಹಂತ 3: ಆ ಹೊತ್ತಿನಲ್ಲಿ ಏನು ಮಾಡಬೇಕು

ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಯಾವಾಗ ಚುಚ್ಚಬೇಕು? ಏನೋ ತಿಂದ ಮೇಲೆ ದದ್ದು ಅಥವಾ ಊತದ ಜೊತೆ ಈ ಕೆಳಗಿನ ಒಂದಾದರೂ ಇದ್ದರೆ: ಉಸಿರು ಕಟ್ಟುವುದು, ಎದೆ ಸುಯ್ ಅನ್ನುವುದು, ದನಿ ಬದಲಾಗುವುದು, ಗಂಟಲು ಬಿಗಿಯುವುದು, ತಲೆ ಸುತ್ತಿ ಬೀಳುವುದು, ಬಿಡದೆ ವಾಂತಿ. ದದ್ದು ಇಲ್ಲ ಅಂತ ಕಾಯಬೇಡಿ. ಹತ್ತರಲ್ಲಿ ಒಂದೆರಡು ಪ್ರಕರಣಗಳಲ್ಲಿ ಚರ್ಮದ ಮೇಲೆ ಏನೂ ಕಾಣುವುದೇ ಇಲ್ಲ. ಅನುಮಾನ ಬಂದರೆ ಚುಚ್ಚಿ. ವಯಸ್ಕರಿಗೆ ಸರಿಯಾದ ಡೋಸ್ ಸ್ನಾಯುವಿಗೆ ಕೊಟ್ಟಾಗ ಎದೆ ಹೊಡೆದುಕೊಳ್ಳಬಹುದು, ಕೈ ನಡುಗಬಹುದು. ತಡ ಮಾಡುವುದು ಅದಕ್ಕಿಂತ ತುಂಬಾ ಅಪಾಯ. ರಕ್ತನಾಳಕ್ಕೆ ಮಾತ್ರ ಮನೆಯಲ್ಲಿ ಯಾವತ್ತೂ ಕೊಡಬಾರದು.

ಮಲಗಿಸಿ, ಕಾಲು ಎತ್ತರಿಸಿ. ಉಸಿರಾಟವೇ ಕಷ್ಟವಾಗಿದ್ದರೆ ಒರಗಿ ಕೂರಿಸಿ, ಕಾಲು ಚಾಚಿರಲಿ. ಗರ್ಭಿಣಿಯಾದರೆ ಎಡಮಗ್ಗುಲಿಗೆ. ವಾಂತಿ ಬರುತ್ತಿದ್ದರೂ ಮಗ್ಗುಲಿಗೆ. "ಸ್ವಲ್ಪ ಎದ್ದು ಓಡಾಡು, ಗಾಳಿ ಬರಲಿ" ಅನ್ನುವುದು ನಮ್ಮವರ ಅಭ್ಯಾಸ. ಬಿಪಿ ಬಿದ್ದಿರುವಾಗ ಥಟ್ಟನೆ ಎದ್ದು ನಿಂತರೆ ಹೃದಯವೇ ನಿಲ್ಲಬಹುದು. ಬಚ್ಚಲಿಗೂ ನಡೆಸಬೇಡಿ.

ಚುಚ್ಚಿದ ಮೇಲೆ 108ಕ್ಕೆ ಕರೆ ಮಾಡಿ. ಹಳ್ಳಿಯಲ್ಲಿದ್ದರೆ, ಆಂಬ್ಯುಲೆನ್ಸ್ ಬರುವುದು ತಡ ಅಂತ ಗೊತ್ತಿದ್ದರೆ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಡಿ. ಬೈಕ್ ಬೇಡ. ಆಸ್ಪತ್ರೆ ಬಾಗಿಲಲ್ಲಿ ಹೇಳಬೇಕಾದ ಮಾತು ಇಷ್ಟೇ: "ಅನಾಫಿಲ್ಯಾಕ್ಸಿಸ್, ಇಷ್ಟು ಗಂಟೆಗೆ ಅಡ್ರಿನಲಿನ್ ಕೊಟ್ಟಿದ್ದೇನೆ."

ಸರಿಹೋಯಿತು ಅಂತ ಅರ್ಧ ಗಂಟೆಗೆ ವಾಪಸ್ ಬರಬೇಡಿ. ಕೆಲವರಿಗೆ ಗಂಟೆಗಳ ನಂತರ ಏನೂ ತಿನ್ನದೆಯೇ ಎರಡನೇ ಅಲೆ ಬರುತ್ತದೆ. ಎಷ್ಟು ಹೊತ್ತು ನಿಗಾದಲ್ಲಿ ಇರಬೇಕು ಅಂತ ವೈದ್ಯರೇ ಹೇಳಲಿ.

ಆಸ್ಪತ್ರೆಯಲ್ಲಿ ಇನ್ನೊಂದು ಕೆಲಸ ಇದೆ. ಕಾರಣ ಗೊತ್ತಿಲ್ಲದವರಿಗೆ ಇದು ಬಹಳ ಮುಖ್ಯ. ಟ್ರಿಪ್ಟೇಸ್ ಎಂಬ ರಕ್ತಪರೀಕ್ಷೆಗೆ ರಕ್ತ ತೆಗೆದಿಡಲು ಕೇಳಿ. ಅಲರ್ಜಿಯ ರಾಸಾಯನಿಕ ತುಂಬಿಕೊಂಡಿರುವ ಮಾಸ್ಟ್ ಕೋಶಗಳು ಒಡೆದಾಗ ರಕ್ತಕ್ಕೆ ಬರುವ ವಸ್ತು ಅದು. ಲಕ್ಷಣ ಶುರುವಾದ ಒಂದೆರಡು ಗಂಟೆಯೊಳಗೆ ತೆಗೆದರೆ ಒಳ್ಳೆಯದು, ನಾಲ್ಕು ಗಂಟೆಯವರೆಗೂ ನಡೆಯುತ್ತದೆ. ಪೂರ್ತಿ ಗುಣವಾಗಿ 24 ಗಂಟೆ ಕಳೆದ ಮೇಲೆ ಮತ್ತೊಮ್ಮೆ ತೆಗೆದು ಹೋಲಿಸುತ್ತಾರೆ. ಏರಿದ್ದರೆ ಅದು ಬರೀ ಗಾಬರಿ ಆಗಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ. ಏರದಿದ್ದರೆ ಅಲರ್ಜಿ ಅಲ್ಲ ಅಂತ ಅರ್ಥವಲ್ಲ. ಆಹಾರದಿಂದ ಆದ ಅನಾಫಿಲ್ಯಾಕ್ಸಿಸ್‌ನಲ್ಲಿ ಎಷ್ಟೋ ಸಲ ಇದು ಏರುವುದೇ ಇಲ್ಲ.

ಹಂತ 4: ಸಾಕ್ಷಿ ನೀವೇ, ಬರೆದಿಡಿ

ಆ ಹೊತ್ತಿನಲ್ಲಿ ಸಂಗಾತಿಗೆ ಗಡಿಯಾರ ನೋಡುವ ಸ್ಥಿತಿ ಇರುವುದಿಲ್ಲ. ಔಷಧಿ ಕೊಟ್ಟು, ಕರೆ ಮಾಡಿದ ಮೇಲೆ ಸಿಗುವ ಎರಡು ನಿಮಿಷದಲ್ಲಿ ದದ್ದಿನ, ತುಟಿಯ ಫೋಟೋ ತೆಗೆಯಿರಿ. ವೈದ್ಯರ ಹತ್ತಿರ ಹೋಗುವಷ್ಟರಲ್ಲಿ ಚರ್ಮ ಹಾಲಿನಂತೆ ಆಗಿರುತ್ತದೆ, "ಏನೂ ಕಾಣ್ತಿಲ್ವಲ್ಲ" ಅನ್ನುತ್ತಾರೆ.

ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು: ಏನು ತಿಂದರು, ಎಷ್ಟು ತಿಂದರು, ಯಾವ ಹೊತ್ತಿಗೆ. ಮೊದಲ ಲಕ್ಷಣ ಎಷ್ಟು ನಿಮಿಷಕ್ಕೆ ಬಂತು, ಯಾವುದು ಬಂತು. ಜೊತೆಗೆ ತಿಂದ ಬೇರೆಯವರಿಗೆ ಏನಾಯಿತು. ಅದೇ ಪದಾರ್ಥವನ್ನು ಮುಂಚೆ ಅಥವಾ ಆಮೇಲೆ ಆರಾಮಾಗಿ ತಿಂದಿದ್ದಾರಾ. ಈ ಕೊನೆಯ ಪ್ರಶ್ನೆಯಿಂದಲೇ ಅರ್ಧ ಅನುಮಾನಗಳು ಕರಗುತ್ತವೆ.

ಊಟದ ಹೊರಗಿನದ್ದನ್ನೂ ಬರೆಯಿರಿ. ತಿನ್ನುವ ಮುಂಚೆ ಅಥವಾ ತಿಂದ ಮೇಲೆ ವ್ಯಾಯಾಮ, ಬಿರುಸು ನಡಿಗೆ, ಮೆಟ್ಟಿಲು ಹತ್ತಿದ್ದು. ತಲೆನೋವಿಗೆ ನುಂಗಿದ ಐಬುಪ್ರೊಫೆನ್, ಡೈಕ್ಲೊಫೆನಾಕ್. ಮದ್ಯ. ಜ್ವರ, ನಿದ್ದೆಗೆಟ್ಟದ್ದು, ಮುಟ್ಟಿನ ದಿನ. ಇವುಗಳನ್ನು ಸಹಕಾರಿ ಅಂಶ ಅನ್ನುತ್ತಾರೆ. ಒಂಟಿಯಾಗಿ ಏನೂ ಮಾಡದ ಆಹಾರ ಇವುಗಳ ಜೊತೆ ಸೇರಿ ತಿರುಗಿಬೀಳಬಹುದು. ದಿನಾ ಚಪಾತಿ ತಿನ್ನುವವರು, ಚಪಾತಿ ತಿಂದು ಓಡಿದ ದಿನ ಮಾತ್ರ ಕುಸಿದು ಬೀಳುವುದುಂಟು. ಗೋಧಿಯ ಒಮೆಗಾ-5 ಗ್ಲಯಾಡಿನ್ ಎಂಬ ಪ್ರೋಟೀನಿನ ಆಟ ಅದು. ಇದನ್ನು ಕೇಳಿ ಪರೀಕ್ಷಿಸದಿದ್ದರೆ ವರ್ಷಗಟ್ಟಲೆ ಗೊತ್ತಾಗದೆ ಉಳಿಯುತ್ತದೆ.

ಪೊಟ್ಟಣದ ತಿಂಡಿಯಾದರೆ ಪೊಟ್ಟಣ ಎಸೆಯಬೇಡಿ. ಉಳಿದ ಊಟವನ್ನು ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ.

ಹಂತ 5: ಪರೀಕ್ಷೆ ಮಾಡಿಸಿ, ಪಟ್ಟಿಗೆ ಹೆದರಬೇಡಿ

ಜನ ಜಾಸ್ತಿ ದುಡ್ಡು, ಜಾಸ್ತಿ ನೆಮ್ಮದಿ ಕಳೆದುಕೊಳ್ಳುವ ಹಂತ ಇದು.

ಉಪಯೋಗದ ಪರೀಕ್ಷೆ ಎರಡು. ಸ್ಕಿನ್ ಪ್ರಿಕ್ ಪರೀಕ್ಷೆಯಲ್ಲಿ ಮುಂಗೈ ಮೇಲೆ ಆಹಾರದ ಸಾರದ ಹನಿ ಇಟ್ಟು ಚಿಕ್ಕದಾಗಿ ಚುಚ್ಚಿ, ಸುಮಾರು 15 ನಿಮಿಷದ ನಂತರ ಗಂಧೆಯ ಅಗಲ ಅಳೆಯುತ್ತಾರೆ. ಅದಕ್ಕೆ ಮುಂಚೆ ಸುಮಾರು ಒಂದು ವಾರ ಸಿಟ್ರಿಜಿನ್ ಥರದ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ಎರಡನೆಯದು ನಿರ್ದಿಷ್ಟ ಐಜಿಇ ರಕ್ತಪರೀಕ್ಷೆ. ಇದಕ್ಕೆ ಮಾತ್ರೆ ನಿಲ್ಲಿಸಬೇಕಾಗಿಲ್ಲ.

ಆದರೆ ಎರಡೂ ಹೇಳುವುದು 'ದೇಹ ಈ ಆಹಾರವನ್ನು ಗುರುತು ಹಿಡಿಯುತ್ತದೆ' ಅಂತ ಮಾತ್ರ. ತಿಂದರೆ ತೊಂದರೆ ಆಗುತ್ತದೆ ಅಂತ ಅಲ್ಲ. ಇದಕ್ಕೆ ನಮ್ಮದೇ ಮಣ್ಣಿನ ಪುರಾವೆ ಇದೆ. ಬೆಂಗಳೂರು, ಮೈಸೂರಿನ ವಯಸ್ಕರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಯೂರೊಪ್ರಿವಾಲ್ ಎಂಬ ಆಹಾರ ಅಲರ್ಜಿ ಅಧ್ಯಯನದಲ್ಲಿ ಶೇ 26.5ರಷ್ಟು ಜನರಿಗೆ ಒಂದಲ್ಲ ಒಂದು ಆಹಾರಕ್ಕೆ ಐಜಿಇ ಪಾಸಿಟಿವ್ ಬಂದಿತ್ತು. ನಿಜಕ್ಕೂ ಆಹಾರ ಅಲರ್ಜಿ ಇರಬಹುದು ಅನ್ನಿಸಿದ್ದು ಶೇ 1.2ರಷ್ಟು ಜನರಿಗೆ. ಅಂದರೆ ದಾರಿಯಲ್ಲಿ ಹೋಗುವ ನಾಲ್ವರನ್ನು ಹಿಡಿದು ರಕ್ತ ತೆಗೆದರೂ ಒಬ್ಬರ ರಿಪೋರ್ಟಿನಲ್ಲಿ ಏನೋ ಒಂದು ಕೆಂಪಕ್ಷರದಲ್ಲಿ ಬರುತ್ತದೆ.

ನನ್ನ ಹೆಂಡತಿಯ ಮೊದಲ ರಿಪೋರ್ಟಿನಲ್ಲಿ 27 ಪದಾರ್ಥ ಇದ್ದವು. ಅಕ್ಕಿಯೂ ಇತ್ತು. ಆ ಕಾಗದ ಬಂದ ದಿನ ಬೆಳಗ್ಗೆ ಅವಳು ತಿಂದದ್ದು ಇಡ್ಲಿ. ಆದರೂ ಎರಡು ತಿಂಗಳು ನಾವು ಅಕ್ಕಿ ಬಿಟ್ಟೆವು. ಅವಳು ಆರು ಕೆಜಿ ಇಳಿದಳು.

ಹಾಗಾಗಿ 'ನೂರು ಆಹಾರದ ಪ್ಯಾನೆಲ್' ಅಂತ ಒಟ್ಟಿಗೆ ಮಾಡಿಸಬೇಡಿ. ನೋಟ್‌ಬುಕ್ ನೋಡಿ ಅನುಮಾನ ಇರುವ ನಾಲ್ಕಾರಕ್ಕೆ ಮಾತ್ರ ಮಾಡಿಸಿ. ಐಜಿಜಿ ಆಹಾರ ಪರೀಕ್ಷೆ, ಕೂದಲಿನ ಪರೀಕ್ಷೆಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಐಜಿಜಿ ಬೇರೆಯದೇ ಪ್ರತಿಕಾಯ, ನೀವು ಆ ಆಹಾರವನ್ನು ತಿಂದಿದ್ದೀರಿ ಅನ್ನುವ ಗುರುತು, ಅಷ್ಟೇ. 'ಒಟ್ಟು ಐಜಿಇ' ಜಾಸ್ತಿ ಬಂದರೂ ಗಾಬರಿ ಬೇಡ. ಆಸ್ತಮಾ, ಚರ್ಮದ ಇಸುಬು, ಹೊಟ್ಟೆಹುಳು ಇದ್ದರೂ ಅದು ಏರುತ್ತದೆ.

ನಿಜವಾದ ತೀರ್ಪು ಕೊಡುವುದು ಓರಲ್ ಫುಡ್ ಚಾಲೆಂಜ್. ಆಸ್ಪತ್ರೆಯಲ್ಲಿ, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, ಅನುಮಾನದ ಆಹಾರವನ್ನು ಚಿಟಿಕೆಯಿಂದ ಶುರುಮಾಡಿ ಗಂಟೆಗಳ ಕಾಲ ಹಂತ ಹಂತವಾಗಿ ತಿನ್ನಿಸಿ ನೋಡುವುದು. ಇದನ್ನು ಮನೆಯಲ್ಲಿ ಮಾಡಲೇಬಾರದು. 'ಸ್ವಲ್ಪ ನಾಲಿಗೆಗೆ ಹಚ್ಚಿ ನೋಡೋಣ' ಅನ್ನುವುದೂ ಚಾಲೆಂಜೇ.

ವೈದ್ಯರಿಗೆ ಸಂಗಾತಿ ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಕೊಡಿ. ಬೀಟಾ ಬ್ಲಾಕರ್ ಗುಂಪಿನ ಬಿಪಿ ಮಾತ್ರೆ ಇದ್ದರೆ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದಿರಬಹುದು.

ಹಂತ 6: ಅಲರ್ಜಿ ವೇಷದ ಬೇರೆಯವರನ್ನು ನೋಡಿ

ಉತ್ತರ ಸಿಗದಿದ್ದಾಗ ಇವುಗಳ ಬಗ್ಗೆ ವೈದ್ಯರನ್ನು ಕೇಳಿ.

ಬಂಗುಡೆ, ಭೂತಾಯಿ ಮೀನನ್ನು ಹಿಡಿದ ಮೇಲೆ ಸರಿಯಾಗಿ ತಣ್ಣಗೆ ಇಡದಿದ್ದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ, ಮೈ ಉರಿದು, ಥೇಟ್ ಅಲರ್ಜಿಯ ಹಾಗೇ ಕಾಣುತ್ತದೆ. ಸುಳಿವು ಒಂದೇ: ಜೊತೆಗೆ ತಿಂದವರಿಗೂ ಆಗಿರುತ್ತದೆ. ಇದು ಮೀನಿನ ಅಲರ್ಜಿ ಅಲ್ಲ, ಹಳಸಿದ ಮೀನಿನ ವಿಷ.

ಹಿಟ್ಟಿನ ಡಬ್ಬದ ನುಸಿ ಇನ್ನೊಂದು. ತೇವದ ವಾತಾವರಣದಲ್ಲಿ ತಿಂಗಳುಗಟ್ಟಲೆ ಇಟ್ಟ ಮೈದಾ, ಕಡಲೆಹಿಟ್ಟಿನಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿ ಬೆಳೆಯಬಹುದು. ಧೂಳಿನ ಅಲರ್ಜಿ ಇರುವವರಿಗೆ ಅದನ್ನು ತಿಂದರೂ ತೀವ್ರ ಪ್ರತಿಕ್ರಿಯೆ ಆದದ್ದಿದೆ. ಹೊಸ ಹಿಟ್ಟು ಆಗುತ್ತದೆ, ಹಳೆಯದು ಆಗುವುದಿಲ್ಲ ಅಂದರೆ ಇದನ್ನು ನೆನಪಿಸಿಕೊಳ್ಳಿ. ಹಿಟ್ಟನ್ನು ಗಾಳಿಯಾಡದ ಡಬ್ಬದಲ್ಲಿ ಫ್ರಿಜ್‌ನಲ್ಲಿಡಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಂತೂ ಹೀಗೇ ಮಾಡಿ.

ದದ್ದು, ತುರಿಕೆ ಇಲ್ಲದೆ ತುಟಿ, ನಾಲಿಗೆ ಮಾತ್ರ ಊದುತ್ತಿದ್ದರೆ ಎನಾಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಬಿಪಿ ಮಾತ್ರೆಯ ಕಡೆ ನೋಡಿ. ದಿನಾ ಬಂದು ಹೋಗುವ, ಆರು ವಾರಕ್ಕಿಂತ ಜಾಸ್ತಿ ಕಾಲದಿಂದ ಇರುವ ಗಂಧೆಗೆ ಆಹಾರ ಕಾರಣವಾಗಿರುವುದು ಅಪರೂಪ. ಕುರಿ, ದನ, ಹಂದಿ ಮಾಂಸ ತಿಂದ ನಾಲ್ಕಾರು ಗಂಟೆಯ ನಂತರ, ನಡುರಾತ್ರಿ ಆಗುವುದು ಉಣ್ಣಿ (ದನ, ನಾಯಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ) ಕಡಿತದಿಂದ ಹುಟ್ಟುವ ಆಲ್ಫಾ-ಗ್ಯಾಲ್ ಅಲರ್ಜಿ ಇರಬಹುದು.

ಎಲ್ಲವನ್ನೂ ಹುಡುಕಿದ ಮೇಲೂ ಕಾರಣ ಸಿಗದ ಗುಂಪೊಂದಿದೆ. ಅದಕ್ಕೆ ಇಡಿಯೋಪತಿಕ್ ಅನಾಫಿಲ್ಯಾಕ್ಸಿಸ್ ಅನ್ನುತ್ತಾರೆ. 'ಕಾರಣ ತಿಳಿಯದ' ಅನ್ನುವುದಕ್ಕೆ ಗ್ರೀಕ್ ಹೆಸರು, ಅಷ್ಟೇ. ಹಾಗಂತ ಅದು ಸುಳ್ಳು ಕಾಯಿಲೆ ಅಲ್ಲ. ಯಾರಾದರೂ "ಎಲ್ಲಾ ಟೆನ್ಷನ್" ಅಂದರೆ ಫೋಟೋ, ಬಿಪಿ ಲೆಕ್ಕ, ಟ್ರಿಪ್ಟೇಸ್ ಮುಂದಿಡಿ. ಗಾಬರಿಗೆ ಮೈಮೇಲೆ ಗಂಧೆ ಏಳುವುದಿಲ್ಲ, ತುಟಿ ಊದುವುದಿಲ್ಲ.

ಹಂತ 7: ಮೂರು ಪಟ್ಟಿ ಮಾಡಿ

ಅರ್ಧ ಗೊತ್ತಿರುವ ಸ್ಥಿತಿಯಲ್ಲಿ ಮನೆ ನಡೆಸಲು ನಮಗೆ ನೆರವಾದದ್ದು ಇದು.

ಕೆಂಪು ಪಟ್ಟಿ: ತಿಂದಾಗ ತೊಂದರೆ ಆಗಿದೆ, ಪರೀಕ್ಷೆಯೂ ಒಪ್ಪಿದೆ. ಮನೆಯೊಳಗೇ ಬೇಡ. ಹಳದಿ ಪಟ್ಟಿ: ಅನುಮಾನ ಇದೆ, ತೀರ್ಮಾನ ಆಗಿಲ್ಲ. ಸಂಗಾತಿ ತಿನ್ನುವುದಿಲ್ಲ, ಆದರೆ ಪ್ರತಿಯೊಂದರ ಮುಂದೆ ಯಾವತ್ತು, ಯಾರ ಹತ್ತಿರ ತೀರ್ಮಾನ ಮಾಡಿಸಬೇಕು ಅಂತ ತಾರೀಕು ಇರಬೇಕು. ಹಸಿರು ಪಟ್ಟಿ: ತೊಂದರೆಯಿಲ್ಲದೆ ತಿನ್ನುತ್ತಿರುವುದು. ರಿಪೋರ್ಟಿನಲ್ಲಿ ಪಾಸಿಟಿವ್ ಇದ್ದರೂ ಆರಾಮಾಗಿ ತಿನ್ನುತ್ತಿದ್ದರೆ ಹಸಿರಿನಲ್ಲೇ ಇರಲಿ, ವೈದ್ಯರನ್ನು ಕೇಳದೆ ಬಿಡಿಸಬೇಡಿ.

ತಾರೀಕಿಲ್ಲದ ಹಳದಿ ಪಟ್ಟಿ ಹಿಟ್ಟಿನ ಹುಳದಂತೆ ಬೆಳೆಯುತ್ತದೆ. ಹಳದಿಯಿಂದ ಹಸಿರಿಗೆ ದಾಟಿಸುವುದು ವೈದ್ಯರ ಎದುರಿಗೇ.

ಹಾಲು ಬಿಡಬೇಕಾಗಿ ಬಂದರೆ ಸುಣ್ಣದ ಅಂಶಕ್ಕೆ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮೂರ್ನಾಲ್ಕು ಮುಖ್ಯ ಪದಾರ್ಥ ಒಟ್ಟಿಗೆ ಬಿಟ್ಟರೆ ಆಹಾರತಜ್ಞರನ್ನು ನೋಡಲೇಬೇಕು.

ಹಂತ 8: ಅಡುಗೆಮನೆ

ಮಿಕ್ಸಿ ಜಾರು ನಂಬಬೇಡಿ. ಬ್ಲೇಡಿನ ಕೆಳಗೆ, ರಬ್ಬರ್ ಸುತ್ತಿನ ಒಳಗೆ ನೆನ್ನೆಯ ಶೇಂಗಾ ಚಟ್ನಿ ಕೂತಿರುತ್ತದೆ. ಸಂಗಾತಿಗೆ ಪ್ರತ್ಯೇಕ ಜಾರು, ಹಸಿರು ಸ್ಟಿಕ್ಕರ್. ಕರಿದ ಎಣ್ಣೆ ಮತ್ತೆ ಬಳಸುವುದೂ ಇದೇ ಕಥೆ. ಒಂದೇ ಬಾಣಲೆಯಲ್ಲಿ ನಿಪ್ಪಟ್ಟು ಕರಿದು ಆಮೇಲೆ ಹಪ್ಪಳ ಕರಿದರೆ ಹಪ್ಪಳಕ್ಕೂ ಕಡಲೆಬೀಜ ಅಂಟುತ್ತದೆ. ಕೈಯನ್ನು ಸೋಪು ಹಾಕಿ ತೊಳೆಯಿರಿ. ಸ್ಯಾನಿಟೈಸರ್ ಕೀಟಾಣು ಕೊಲ್ಲುತ್ತದೆ, ಕಡಲೆಬೀಜದ ಪ್ರೋಟೀನನ್ನು ತೆಗೆಯುವುದಿಲ್ಲ.

ಈಗ ಎಲ್ಲರೂ ಗಾಣದ ಎಣ್ಣೆಗೆ ಬದಲಾಗುತ್ತಿದ್ದಾರೆ. ಪೂರ್ತಿ ರಿಫೈನ್ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನ್ ತೀರಾ ಕಡಿಮೆ, ಗಾಣದ್ದರಲ್ಲಿ ಉಳಿದಿರುತ್ತದೆ. ಕಡಲೆಬೀಜ, ಎಳ್ಳಿನ ಅಲರ್ಜಿ ಇರುವ ಮನೆಗೆ ಗಾಣದ ಎಣ್ಣೆ ಬೇಡ. ಮೈಗೆ ಹಚ್ಚುವ ಎಷ್ಟೋ ಆಯುರ್ವೇದದ ತೈಲಗಳಿಗೂ ಎಳ್ಳೆಣ್ಣೆಯೇ ಆಧಾರ.

ಗೋಧಿ ಆಗದವರು ಇಂಗಿನ ಡಬ್ಬಿ ಓದಿ. ಅಂಗಡಿಯ ಇಂಗಿನಲ್ಲಿ ಬಹಳ ಸಲ ಮೈದಾ ಅಥವಾ ಗೋಧಿ ಹಿಟ್ಟು ಸೇರಿರುತ್ತದೆ. ತಿಳಿಸಾರಿನ ಒಗ್ಗರಣೆಯಿಂದ ಗೋಧಿ ಬರುತ್ತದೆ ಅಂತ ಯಾರಿಗೆ ಹೊಳೆಯುತ್ತದೆ, ಅಲ್ವಾ?

ಹಂತ 9: ಹೊರಗಿನ ಊಟ

ಮೊದಲ ತೊಡಕು ನಮ್ಮ ಭಾಷೆಯದ್ದೇ. ಹೋಟೆಲಿನಲ್ಲಿ "ಚಟ್ನಿಗೆ ಕಡಲೆ ಹಾಕಿದ್ದೀರಾ?" ಅಂತ ಕೇಳುತ್ತೀರಿ. ನಿಮ್ಮ ಮನಸ್ಸಿನಲ್ಲಿ ಕಡಲೆಬೀಜ. ಅವರ ತಲೆಯಲ್ಲಿ ಹುರಿಗಡಲೆ. ಕಡಲೆ, ಕಡಲೆಬೇಳೆ, ಕಡಲೆಹಿಟ್ಟು, ಹುರಿಗಡಲೆ ಎಲ್ಲ ಒಂದೇ ಗಿಡದವು. ಕಡಲೆಕಾಯಿ ಬೇರೆಯೇ ಗಿಡ. ಧಾರವಾಡದ ಕಡೆ ಅದು ಶೇಂಗಾ, ಕರಾವಳಿಯಲ್ಲಿ ನೆಲಗಡಲೆ. ಯಾವ ಊರಿಗೆ ಹೋದರೂ ಎರಡು ಹೆಸರು ಹೇಳಿ, ಫೋನಿನಲ್ಲಿ ಚಿತ್ರವನ್ನೂ ತೋರಿಸಿ.

'ಅಲರ್ಜಿ' ಅಂದರೆ ಮಾಣಿಗೆ ತುರಿಕೆ ನೆನಪಾಗುತ್ತದೆ. "ಇದು ಸ್ವಲ್ಪ ಸೇರಿದರೂ ಇವರಿಗೆ ಉಸಿರು ನಿಲ್ಲುತ್ತದೆ, ಆಸ್ಪತ್ರೆಗೆ ಓಡಬೇಕಾಗುತ್ತದೆ" ಅನ್ನಿ. "ಸಾರ್, ತೆಗೆದುಕೊಡ್ತೀವಿ" ಅಂದರೆ ಏಳಿ, ಬೇರೆ ಕಡೆ ಹೋಗಿ. ಚಿತ್ರಾನ್ನದಿಂದ ಬೀಜ ಆರಿಸಿದರೆ ಎಣ್ಣೆಯಲ್ಲಿರುವುದು ಹೋಗುವುದಿಲ್ಲ.

ಪೊಟ್ಟಣದ ಮೇಲೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ನಮೂದಿಸಲೇಬೇಕು ಅಂದಿರುವ ಅಲರ್ಜಿ ಪಟ್ಟಿಯಲ್ಲಿ ಇರುವುದು ಗ್ಲುಟೆನ್ ಇರುವ ಗೋಧಿಯಂಥ ಧಾನ್ಯ, ಸೀಗಡಿ-ಏಡಿ ಜಾತಿ, ಹಾಲು, ಮೊಟ್ಟೆ, ಮೀನು, ಕಡಲೆಬೀಜ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಹಾಗೂ ಕೆಜಿಗೆ 10 ಮಿಲಿಗ್ರಾಂಗಿಂತ ಕಡಿಮೆಯಿಲ್ಲದ ಸಲ್ಫೈಟ್ (ತಿಂಡಿ ಕೆಡದಂತೆ ಹಾಕುವ ರಾಸಾಯನಿಕ). ಎಳ್ಳು ಇಲ್ಲ. ಸಾಸಿವೆ ಇಲ್ಲ. ಕಡಲೆ, ಬೇಳೆಗಳೂ ಇಲ್ಲ. ಇವು ಆಗದವರು 'ಅಲರ್ಜಿ ಸೂಚನೆ' ಸಾಲು ಓದಿ ನಿಲ್ಲಿಸಬಾರದು, ಪದಾರ್ಥಗಳ ಪಟ್ಟಿ ಪೂರ್ತಿ ಓದಬೇಕು. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳನ್ನೂ ನಮೂದಿಸುವುದು ಕಡ್ಡಾಯ. ಯುರೋಪಿನ 14ರ ಪಟ್ಟಿಯಲ್ಲಿ ಎಳ್ಳು, ಸಾಸಿವೆ ಎರಡೂ ಇವೆ. ಅಲ್ಲಿ ವರ್ಷಗಟ್ಟಲೆ ಇದ್ದು ಊರಿಗೆ ಬರುವವರು ಇಲ್ಲೇ ಎಡವುತ್ತಾರೆ.

ಸಂಕ್ರಾಂತಿ ದಿನ ಜಾಗ್ರತೆ. ಎಳ್ಳುಬೆಲ್ಲದ ಒಂದು ಚಮಚದಲ್ಲಿ ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಎಲ್ಲ ಇರುತ್ತವೆ. ಮನೆಗೆ ಬಂದವರನ್ನು ತಡೆಯುವುದು ಕಷ್ಟ, ಪೊಟ್ಟಣ ಬಾಗಿಲಲ್ಲೇ ಇರಲಿ. ದೇವಸ್ಥಾನದ ಪುಳಿಯೋಗರೆಯನ್ನು ಸಂಗಾತಿಯ ಕೈಗೆ ಕೊಡದೆ ನೀವು ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳಿ, ಸಾಕು. ಮದುವೆ ಊಟದಲ್ಲಿ ಒಂದೇ ಸೌಟು ಹತ್ತು ಪಾತ್ರೆಗೆ ಓಡಾಡುತ್ತದೆ. ನಾವು ಮನೆಯಲ್ಲಿ ಉಂಡು ಹೋಗುತ್ತೇವೆ, ಅಲ್ಲಿ ಬಾಳೆಹಣ್ಣು ಮಾತ್ರ.

"ಒಂಚೂರು ತಿಂದ್ರೆ ಏನೂ ಆಗಲ್ಲ" ಅನ್ನುವ ಅತ್ತೆ, ಚಿಕ್ಕಮ್ಮಂದಿರ ಜೊತೆ ವಾದ ಮಾಡಬೇಡಿ. ಅವರ ಕೈಗೇ ಕಿಟ್ ಕೊಟ್ಟು, ಹೇಗೆ ಚುಚ್ಚಬೇಕು ಅಂತ ಕಲಿಸಿ. ಸಿರಿಂಜು ಕೈಯಲ್ಲಿ ಹಿಡಿದ ಮೇಲೆ ಆ ಮಾತು ಯಾರ ಬಾಯಿಂದಲೂ ಬಂದದ್ದನ್ನು ನಾನು ಕೇಳಿಲ್ಲ.

ಹಂತ 10: ನಿಮ್ಮಿಬ್ಬರ ನಡುವೆ

ಕೇಳಲು ಜನ ನಾಚಿಕೊಳ್ಳುವ ವಿಷಯ ಒಂದಿದೆ. ನೀವು ತಿಂದದ್ದು ನಿಮ್ಮ ಜೊಲ್ಲಿನಲ್ಲಿ ಇರುತ್ತದೆ. ಕೆಂಪು ಪಟ್ಟಿಯದ್ದನ್ನು ಹೊರಗೆ ತಿಂದು ಬಂದು ಮುತ್ತು ಕೊಟ್ಟರೂ ಪ್ರತಿಕ್ರಿಯೆ ಆಗಬಹುದು. ಬರೀ ಹಲ್ಲುಜ್ಜಿದರೆ ಸಾಲದು. ಕೆಲವು ಗಂಟೆ ಬಿಟ್ಟು, ನಡುವೆ ಆ ಪದಾರ್ಥ ಇಲ್ಲದ ಊಟವೊಂದನ್ನು ಮಾಡುವುದು ಒಳ್ಳೆಯದು. ನಾನು ಕಡಲೆಕಾಯಿ ಪರಿಷೆಗೆ ಹೋಗುವುದನ್ನು ಬಿಟ್ಟಿಲ್ಲ. ಆ ರಾತ್ರಿ ಹಾಲ್‌ನಲ್ಲಿ ಮಲಗುತ್ತೇನೆ.

ಕಾವಲುಗಾರ ಆಗಬೇಡಿ. ತಟ್ಟೆಗೆ ಏನು ಬೀಳಬೇಕು ಅನ್ನುವ ನಿರ್ಧಾರ ಸಂಗಾತಿಯದ್ದು. ನಿಮ್ಮ ಕೆಲಸ ಕಿಟ್, ನೋಟ್‌ಬುಕ್, ಲೇಬಲ್. ಹೋಟೆಲಿನಲ್ಲಿ ಮಾತಾಡುವುದು ಯಾರು ಅಂತ ಮುಂಚೆಯೇ ಮಾತಾಡಿಕೊಳ್ಳಿ. ಎಲ್ಲರ ಮುಂದೆ ಗಂಡ ಅಥವಾ ಹೆಂಡತಿ ತನ್ನ ಪರವಾಗಿ ಹತ್ತು ಪ್ರಶ್ನೆ ಕೇಳುವುದು ಕೆಲವರಿಗೆ ಅಲರ್ಜಿಗಿಂತ ಜಾಸ್ತಿ ಹಿಂಸೆ. ಒಂದು ಸಲ ಆದ ಮೇಲೆ ಪ್ರತಿ ತುತ್ತಿಗೂ ಎದೆ ಹೊಡೆದುಕೊಳ್ಳುವುದು ಸಹಜ. ತಿಂಗಳುಗಳಾದರೂ ಹೋಗದಿದ್ದರೆ, ಊಟವೇ ಬೇಡ ಅನ್ನಿಸಿದರೆ, ಆಪ್ತಸಲಹೆಗಾರರನ್ನು ನೋಡಿ. ಅದಕ್ಕೂ 'ಟೆನ್ಷನ್' ಅನ್ನುವ ಆರೋಪಕ್ಕೂ ಸಂಬಂಧ ಇಲ್ಲ.

ಪ್ರತಿ ತಿಂಗಳ ಮೊದಲ ಭಾನುವಾರ ಕಿಟ್ ತೆರೆದು ಆಂಪೂಲಿನ ತಾರೀಕು, ಬಣ್ಣ ನೋಡಿ. ಒಂದು ಕಿಟ್ ಮನೆಯಲ್ಲಿ, ಒಂದು ಸಂಗಾತಿಯ ಬ್ಯಾಗಿನಲ್ಲಿ. ವಿಮಾನದಲ್ಲಿ ಹೋಗುವುದಾದರೆ ವೈದ್ಯರ ಪತ್ರದ ಜೊತೆ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ವರ್ಷಕ್ಕೊಮ್ಮೆ ನೋಟ್‌ಬುಕ್ ಹಿಡಿದು ವೈದ್ಯರ ಹತ್ತಿರ ಹೋಗಿ, ಹಳದಿ ಪಟ್ಟಿ ಮುಂದಿಟ್ಟು ಕೂತುಕೊಳ್ಳಿ. ಈ ವರ್ಷ ನಮ್ಮದರಲ್ಲಿ ಉಳಿದಿರುವುದು ಎರಡು: ಎಳ್ಳು ಮತ್ತು ಹಲಸಿನ ಹಣ್ಣು. ಹಲಸಿನ ತೀರ್ಮಾನಕ್ಕೆ ಹಂಗಾಮು ಬರಲಿ ಅಂತ ಕಾಯುತ್ತಿದ್ದೇವೆ.